ಅತ್ತೆ ಹೊಡೆಯದೆ ಬಿಟ್ಟ ಜೋಡಿ

ತೋಟ ನಮ್ಮದಾಗಿದ್ದ ಕೊನೆಯ ದಿನವೂ ನಮ್ಮತ್ತೆ ಎಂದಿನಂತೆ ಬೆಳಿಗ್ಗೆ ಆರಕ್ಕೆ ಹಕ್ಕಿ ಕಾಯಲು ಹೋದರು. ದೀಪಾವಳಿ ಕಳೆದು ಎರಡು ವಾರವಾಗಿತ್ತು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆಂದು ಹೋಗುವ ಜಮೀನಿನಲ್ಲಿ ನಮ್ಮ ದ್ರಾಕ್ಷಿ ತೋಟವೂ ಸೇರಿತ್ತು. ಮಾರನೆಯ ದಿನ ಬುಲ್ಡೋಜರ್ ಬರುತ್ತದೆ ಎಂದು ಅಳತೆಯವರು ಹೇಳಿ ಹೋಗಿದ್ದರು. ಹಣ್ಣನ್ನೆಲ್ಲ ಆಗಲೇ ಕೊಯ್ದು ಕಳಿಸಿದ್ದೆವು. ಚಪ್ಪರದಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಉಳಿದಿತ್ತು, ಅಷ್ಟೆ.

ನಾನು ಹತ್ತು ಗಂಟೆಗೆ ಮುದ್ದೆ, ಉಪ್ಪುಸಾರು ತೆಗೆದುಕೊಂಡು ಹೋದೆ. ಅತ್ತೆ ಬದುವಿನ ಮೇಲೆ ನಿಂತು ತಳ ಹೋದ ಎಣ್ಣೆ ಡಬ್ಬವನ್ನು ಕೋಲಿನಿಂದ ಬಡಿಯುತ್ತಿದ್ದರು.

“ಅತ್ತೆ, ನಾಳೆ ಎಲ್ಲಾ ಕಿತ್ತಾಕ್ತಾರಂತೆ. ಇವತ್ತೊಂದಿನ ಹಕ್ಕಿ ತಿಂದ್ರೆ ತಿನ್ಲಿ ಬಿಡಿ.”

“ಕೀಳೋದು ನಾಳೆ ತಾನೆ. ಇವತ್ತು ಹಣ್ಣೈತಲ್ಲ.”

“ಅದನ್ನ ತಿನ್ನೋರು ಯಾರು?”

“ಯಾರೂ ತಿನ್ದೆ ಹೋದ್ರೂ ಹಕ್ಕಿ ತಿನ್ನಂಗಿಲ್ಲ. ನಂಗೆ ಬುದ್ಧಿ ಹೇಳೋದಿರ್ಲಿ, ಉಪ್ಪುಸಾರಿಗೆ ಇವತ್ತಾದ್ರೂ ಉಪ್ಪು ಹಾಕಿದೀಯಾ ಹುಡುಗಿ?”

ಹಾಕಿರಲಿಲ್ಲ.

ಹಕ್ಕಿ ಕಾಯುವುದರಲ್ಲಿ ಅತ್ತೆಗೆ ಅವರದೇ ಕ್ರಮವಿತ್ತು. ನಲ್ಲೂರಿನ ಹುಣಸೆ ತೋಪಿನ ಕಡೆಯಿಂದ ಗಿಣಿಯ ಹಿಂಡು ಬರುವುದು ಕಂಡರೆ ಮೊದಲು ಹೋಯ್ ಎಂದು ಕೂಗುವರು. ಅದಕ್ಕೆ ಹೋಗದಿದ್ದರೆ ಡಬ್ಬ ಬಡಿಯುವರು. ಅದಕ್ಕೂ ಜಗ್ಗದವಕ್ಕೆ ಮಾತ್ರ ಕವಣೆಯ ಕಲ್ಲು. ಹೇಳದೆ ಕೇಳದೆ ಕಲ್ಲು ಬೀಸುವುದು ಮರ್ಯಾದಸ್ತರ ಕೆಲಸವಲ್ಲ ಎನ್ನುತ್ತಿದ್ದರು. ತೋಟದ ಮೂಲೆಯ ಕಲ್ಲುಕಂಬದ ಮೇಲೆ ಬಾಲ ಸೀಳಿದ ಕರಿಯ ಕಾಜಾಣದ ಜೋಡಿಯೊಂದು ಕೂರುತ್ತಿತ್ತು. ಅದರ ತಂಟೆಗೆ ಅವರು ಹೋದವರೇ ಅಲ್ಲ. ಜಾಗ ಹಿಡಿದ ಜೋಡಿ ಬೇರೆ ಹಕ್ಕಿಯನ್ನು ಹತ್ತಿರ ಸೇರಿಸುವುದಿಲ್ಲ, ಆ ಎರಡನ್ನು ಓಡಿಸಿದರೆ ಇನ್ನೂರು ಬರುತ್ತವೆ ಎಂಬುದು ಅವರ ಲೆಕ್ಕ. ಮೂವತ್ತು ವರ್ಷ ಆ ಲೆಕ್ಕ ತಪ್ಪಿರಲಿಲ್ಲ.

ಆ ದಿನ ಸಂಜೆಯವರೆಗೆ ಕಾದರು. ಒಂದು ಹಣ್ಣನ್ನೂ ಹಕ್ಕಿಗೆ ಬಿಡಲಿಲ್ಲ. ಮಾರನೆಯ ದಿನ ತೋಟ ಹೋಯಿತು.

ನಾವು ದೇವನಹಳ್ಳಿಯ ಹೊರಗೆ ಹೊಸ ಬಡಾವಣೆಯೊಂದಕ್ಕೆ ಬಂದೆವು. ಎರಡು ಕೋಣೆಯ ಮನೆ, ಸುತ್ತ ಖಾಲಿ ಸೈಟುಗಳು. ಅತ್ತೆಗೆ ಬೆಳಿಗ್ಗೆ ಎಂಟಕ್ಕೆಲ್ಲ ಕೆಲಸ ಮುಗಿದುಹೋಗುತ್ತಿತ್ತು. ಆಮೇಲೆ ಬಾಗಿಲಲ್ಲಿ ಕುಳಿತು ಬೀದಿ ನೋಡುವರು. ಪಕ್ಕದ ಮನೆಯವರು ಮಹಡಿಯ ಮೇಲೆ ಸಂಡಿಗೆ ಒಣಗಿಸಿದ್ದರು. ಅದಕ್ಕೆ ಕಾಗೆ ಇಳಿದದ್ದು ಕಂಡು ಒಂದು ದಿನ ಅತ್ತೆ ಹೋಯ್ ಎಂದರು. ಕಾಗೆ ಹೋಯಿತು. ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದವನು ಸೈಕಲ್ ಸಮೇತ ಚರಂಡಿಗೆ ಇಳಿದ. ಆವತ್ತಿನಿಂದ ಅವರು ಕೂಗುವುದನ್ನೂ ಬಿಟ್ಟರು. ಮಾತೂ ಕಡಿಮೆಯಾಯಿತು. ನನ್ನ ಸಾರಿನ ಉಪ್ಪಿನ ಬಗ್ಗೆ ಏನೂ ಅನ್ನದೆ ಉಂಡು ಏಳುತ್ತಿದ್ದರು. ನನಗೆ ಹೆದರಿಕೆ ಹುಟ್ಟಿದ್ದು ಅದರಿಂದ.

ಅಷ್ಟರಲ್ಲಿ ನಮ್ಮ ಭಾವ, ಎಂದರೆ ನಮ್ಮವರ ಅಣ್ಣ, ಒಂದು ಮಾತು ಹೇಳಿದರು. ಅವರು ಮದುವೆಯಾದ ಮೇಲೆ ದೊಡ್ಡಬಳ್ಳಾಪುರದಲ್ಲಿ ಎರಡು ಪವರ್‌ಲೂಮ್ ಇಟ್ಟುಕೊಂಡು ಅಲ್ಲೇ ನೆಲೆಸಿದ್ದವರು.

“ಸಂಕ್ರಾಂತಿ ಕಳೀಲಿ, ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ತೋಟ ಇತ್ತು, ಕಾಯಕ್ಕೆ ಇಲ್ಲಿದ್ರು. ಈಗ ಹಿರಿಮಗ ನಾನಿರೋವಾಗ ಅಮ್ಮ ಇಲ್ಲಿ ಬಾಗ್ಲಲ್ಲಿ ಕುಂತಿದ್ರೆ ಜನ ಏನಂತಾರೆ.”

ತಪ್ಪು ಮಾತಲ್ಲ. ನಮ್ಮವರು ತಲೆಯಾಡಿಸಿದರು. ಅತ್ತೆ ಎದ್ದುಹೋಗಿ ಟ್ರಂಕಿನಲ್ಲಿ ಸೀರೆ ಮಡಿಸಿಟ್ಟರು.

ಅವರು ಹೋಗುವುದು ನನಗೆ ಬೇಡವಾಗಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ತಾಯಿ ತೀರಿಕೊಂಡರು. ಮದುವೆಯಾಗಿ ಎರಡು ವರ್ಷ ಅತ್ತೆಯ ಜೊತೆ ಬದುವಿನ ಮೇಲೆ ಕುಳಿತು ಬೈಸಿಕೊಂಡು ಊಟ ಮಾಡಿದ್ದೆ. ಆದರೆ ಇದನ್ನು ಯಾರಿಗೆ ಹೇಳುವುದು? ನಮ್ಮ ಕಡೆ ಗಂಡನ ಅಣ್ಣನ ಎದುರು ಸೊಸೆ ಬಾಯಿ ಬಿಡುವುದಿಲ್ಲ. ಬೇರೆ ಯಾರೂ ಇಲ್ಲದಾಗ ಭಾವ ಬಂದರೆ ನಾನು ಗೋಡೆಗೆ ಹೇಳುತ್ತಿದ್ದೆ.

“ಅವ್ರು ಟೆಂಪೊ ರಿಪೇರಿಗೆ ಹೋಗವ್ರೆ.”

ಭಾವನೂ ಅದೇ ಗೋಡೆಗೆ, “ಬಂದ್ಮೇಲೆ ನಾನು ಬಂದಿದ್ದೆ ಅಂತ ತಿಳಿಸ್ಬೇಕು” ಎಂದು ಹೇಳಿ ಹೊರಡುತ್ತಿದ್ದರು. ಗೋಡೆಗೆ ಅಷ್ಟು ವಿಷಯ ಹೇಳಬಹುದು. ಅಮ್ಮನನ್ನು ಕರೆದುಕೊಂಡು ಹೋಗಬೇಡಿ ಎಂದು ಗೋಡೆಗೆ ಹೇಳಲು ಬಾಯಿ ಬರಲಿಲ್ಲ.

ಸಂಕ್ರಾಂತಿಗೆ ಇನ್ನೂ ಮೂರು ವಾರವಿದ್ದಾಗ ನಮ್ಮವರು ಕುಕ್ಕರಿನ ಗ್ಯಾಸ್ಕೆಟ್ ತರಲು ಬೆಂಗಳೂರಿಗೆ ಹೋದವರು ಒಂದು ವಿಡಿಯೋ ಗೇಮ್ ತಂದರು.

“ಗ್ಯಾಸ್ಕೆಟ್ ಎಲ್ರೀ?” ಎಂದೆ.

“ಆ ಅಂಗಡಿ ಬಾಗ್ಲಾಕಿತ್ತು.”

“ಇದೊಂದು ಅಂಗಡಿ ತೆಗ್ದಿತ್ತಾ?”

“ಇದು ಅಂಗಡೀಲಿರ್ಲಿಲ್ಲ, ಫುಟ್‌ಪಾತ್ ಮೇಲಿತ್ತು” ಎಂದರು, ಅದೇ ದೊಡ್ಡ ಸಮಾಧಾನವೆಂಬಂತೆ.

ಕೆಂಪು ಬಿಳಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ತಂತಿಯ ತುದಿಯಲ್ಲಿ ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಚಿಲ್ಲರೆ ಆಟ ಇದೆಯೆಂದು ಬರೆದಿತ್ತು. ಎಣಿಸಿದಾಗ ಹನ್ನೊಂದು ಸಿಕ್ಕವು. ಅದನ್ನು ಟಿವಿಗೆ ಸಿಕ್ಕಿಸಿ ಚಾನೆಲ್ ತಿರುಗಿಸುತ್ತಾ ನಮ್ಮವರು ಒಂದು ಮಧ್ಯಾಹ್ನ ಕಳೆದರು. ತೆರೆಯ ಮೇಲೆ ರವೆ ಹುರಿದಂತೆ ಕಾಣುತ್ತಿತ್ತು. ಕ್ಯಾಸೆಟ್ ತೆಗೆದು ಬುಡಕ್ಕೆ ಊದಿ ಮತ್ತೆ ಹಾಕಿದ ಮೇಲೆ ಚಿತ್ರ ಬಂತು.

ಕಪ್ಪು ಆಕಾಶ. ಮೇಲೆ ಸಾಲುಸಾಲಾಗಿ ರೆಕ್ಕೆಯ ಜೀವಿಗಳು. ಕೆಳಗೆ ಒಂದು ಪುಟ್ಟ ಬಿಳಿಯ ವಿಮಾನ, ಎಡಕ್ಕೂ ಬಲಕ್ಕೂ ಓಡುತ್ತದೆ, ಗುಂಡಿ ಒತ್ತಿದರೆ ಗುಂಡು ಹಾರಿಸುತ್ತದೆ. ಮೇಲಿನವು ಸಾಲು ಬಿಟ್ಟು ಒಂದೊಂದಾಗಿ ಸುತ್ತುಹಾಕುತ್ತಾ ಇಳಿದು ಬರುತ್ತವೆ. ಅವೂ ಗುಂಡು ಬಿಡುತ್ತವೆ.

ಅತ್ತೆ ಟಿವಿಗೆ ಬೆನ್ನುಹಾಕಿ ಅವರೆಕಾಯಿ ಬಿಡಿಸುತ್ತಿದ್ದವರು ಸದ್ದಿಗೆ ತಿರುಗಿದರು. ಸ್ವಲ್ಪ ಹೊತ್ತು ನೋಡಿದರು.

“ಏನ್ಲಾ ಅವು, ಗಿಣಿನಾ?”

“ಗಿಣಿ ಅಲ್ಲಮ್ಮ. ಬೇರೆ ಗ್ರಹದಿಂದ ಬರೋ ಶತ್ರುಗಳು.”

“ಗ್ರಹದವು ಯಾಕೆ ಗಿಣಿ ಥರ ಸಾಲು ಕಟ್ಕೊಂಡು ಬರ್ತವೆ? ಕೆಳಗಡೆ ಇರೋದೇನು?”

“ಅದು ನಮ್ಮ ವಿಮಾನ.”

“ಇಲ್ಲಿಗೂ ಬಂತಾ ವಿಮಾನ” ಎಂದು ಅತ್ತೆ ಮತ್ತೆ ಬೆನ್ನು ತಿರುಗಿಸಿದರು. ಆದರೆ ಕೈಯಲ್ಲಿದ್ದ ಕಾಯಿ ಬಿಡಿಸಲಿಲ್ಲ. ನಮ್ಮವರ ವಿಮಾನ ಮೂರು ಸಲ ಒಡೆದುಹೋದ ಮೇಲೆ ಅವರು ತಡೆಯಲಾರದೆ, “ಏ, ಹಿಂಡು ಇಳಿಯೋ ಕಡೆ ನೋಡದೆ ಕೂತಿರೋ ಕಡೆ ಹೊಡೀತಾನೆ ನೋಡು. ಕೊಡಿಲ್ಲಿ” ಎಂದರು.

ಮೊದಲ ಆಟದಲ್ಲಿ ಅತ್ತೆ ಗುಂಡಿಯನ್ನೇ ಒತ್ತಲಿಲ್ಲ. ಒಂದು ಜೀವಿ ಸಾಲು ಬಿಟ್ಟು ಇಳಿಯಿತು. ಅತ್ತೆ ಹೋಯ್ ಎಂದರು. ಅದು ಇಳಿದು ಬಂದು ವಿಮಾನಕ್ಕೆ ಬಡಿಯಿತು.

“ಅಮ್ಮ, ಅದಕ್ಕೆ ಕಿವಿ ಇಲ್ಲ. ಗುಂಡಿ ಒತ್ತು.”

“ಒಂದು ಮಾತು ಹೇಳ್ದೆ ಹೆಂಗ್ಲಾ ಹೊಡಿಯೋದು?”

ಎರಡನೆಯದಕ್ಕೂ ಹೋಯ್ ಎಂದರು. ಮೂರನೆಯದಕ್ಕೆ ಪಕ್ಕದಲ್ಲಿದ್ದ ಸ್ಟೀಲ್ ತಟ್ಟೆಯನ್ನು ಬಡಿದರು. ಅವರೆಕಾಳು ಮನೆ ತುಂಬ ಚೆಲ್ಲಿತು, ವಿಮಾನವೂ ಹೋಯಿತು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳಿದರು.

ನಾಲ್ಕು ದಿನದಲ್ಲಿ ಕೂಗುವುದಕ್ಕೂ ಒತ್ತುವುದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತಾ ಬಂತು. ಎರಡೂ ಒಟ್ಟಿಗೆ ಆದಾಗ ಅತ್ತೆಯ ಗುರಿ ತಪ್ಪಲಿಲ್ಲ. ಯಾವುದು ಸಾಲು ಬಿಡುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. “ಅದು ರೆಕ್ಕೆ ಆಡಿಸ್ತಲ್ಲ, ಈಗ ಇಳೀತದೆ” ಎನ್ನುವರು. ನಮ್ಮವರೂ ನಾನೂ ಕಣ್ಣು ಕಿರಿದು ಮಾಡಿ ನೋಡಿದರೂ ಯಾವ ರೆಕ್ಕೆಯೂ ಆಡಿದ್ದು ಕಾಣುತ್ತಿರಲಿಲ್ಲ. ಇಳಿಯುತ್ತಿತ್ತು ಮಾತ್ರ ಅದೇ.

ತೊಂದರೆ ಶುರುವಾದದ್ದು ಕೊನೆಯ ಎರಡರಲ್ಲಿ. ಇಡೀ ಹಿಂಡನ್ನು ಹೊಡೆದು ಮುಗಿಸಿದ ಮೇಲೆ ಉಳಿದ ಜೋಡಿಯನ್ನು ಅತ್ತೆ ಮುಟ್ಟಲಿಲ್ಲ.

“ಹೊಡೀರಿ ಅತ್ತೆ, ಎರಡೇ ಇರೋದು.”

“ಅದಕ್ಕೇ ಹೊಡಿಯಲ್ಲ. ಅವೆರಡನ್ನ ಹೊಡುದ್ರೆ ಪುನಃ ಹಿಂಡು ಬರ್ತದೆ.”

ನಾನು ನಗಲು ಹೋಗಿ ಸುಮ್ಮನಾದೆ. ಅವರು ಹೇಳಿದ್ದು ಸರಿಯಾಗಿತ್ತು. ಆ ಆಟದ ನಿಯಮವೇ ಅದು. ಕೊನೆಯದು ಸತ್ತ ಕೂಡಲೇ ಮೊದಲಿಗಿಂತ ದೊಡ್ಡ ಹಿಂಡು ಬರುತ್ತದೆ, ಅದು ಮುಗಿದರೆ ಇನ್ನೊಂದು. ಎಲ್ಲರೂ ಅದನ್ನು ಮುಂದಿನ ಹಂತ ಎನ್ನುತ್ತಾರೆ. ಅತ್ತೆ ಮಾತ್ರ ಅದನ್ನು ದಡ್ಡತನ ಎಂದರು.

ತೆರೆಯ ಎಡಗಡೆಯ ಮೂಲೆಯಲ್ಲಿ ಆ ಜೋಡಿಯ ಗುಂಡು ತಾಕದ ಒಂದು ಜಾಗವನ್ನೂ ಅವರು ಕಂಡುಹಿಡಿದರು. ವಿಮಾನವನ್ನು ಅಲ್ಲಿ ನಿಲ್ಲಿಸಿ, ರಿಮೋಟನ್ನು ತೊಡೆಯ ಮೇಲಿಟ್ಟು, ಅವರೆಕಾಯಿ ಬಿಡಿಸಲು ಕೂರುವರು. ಎರಡು ಜೀವಿಗಳು ಕಪ್ಪು ಆಕಾಶದಲ್ಲಿ ಸುತ್ತುತ್ತಲೇ ಇರುತ್ತಿದ್ದವು. ಅತ್ತೆ ಆಗಾಗ ತಲೆಯೆತ್ತಿ ನೋಡಿ, ಸರಿಯಾಗಿವೆ ಎಂದು ಮತ್ತೆ ಕಾಯಿ ಬಿಡಿಸುವರು. ಊಟಕ್ಕೆ ಕುಳಿತಾಗ ಒಂದು ದಿನ ನನ್ನ ಕಡೆ ನೋಡದೆ ಹೇಳಿದರು: “ಇದಕ್ಕೆ ಉಪ್ಪು ನೀನೇ ಹಾಕ್ದಾ, ಇಲ್ಲಾ ಮೂಟೇನೇ ಜಾರಿ ಬಿತ್ತಾ?” ನನಗೆ ಎದ್ದು ಕುಣಿಯಬೇಕೆನ್ನಿಸಿತು.

ಸಂಕ್ರಾಂತಿ ಬಂತು, ಹೋಯಿತು. ಅದರ ಮುಂದಿನ ಭಾನುವಾರ ಭಾವ ಲಗೇಜ್ ಆಟೋ ಮಾಡಿಕೊಂಡು ಬಂದರು.

“ನಡಿಯಮ್ಮ. ಟ್ರಂಕ್ ಎಲ್ಲೈತೆ?”

ಅತ್ತೆ ಟಿವಿಯ ಮುಂದಿದ್ದರು. ಜೋಡಿ ಸುತ್ತುತ್ತಿತ್ತು. “ಇದೊಂದು ಮುಗೀಲಿ ಕಣಪ್ಪ” ಎಂದರು.

ಭಾವ ಕುಳಿತರು. ಕಾಫಿ ಕುಡಿದರು. ಒಂದು ಗಂಟೆಯಾಯಿತು. ಆಟೋದವನು ಹಾರ್ನ್ ಹೊಡೆದ.

“ಇದು ಯಾವಾಗ್ಲಾ ಮುಗಿಯೋದು?” ಎಂದು ತಮ್ಮನನ್ನು ಕೇಳಿದರು.

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. “ಆ ಎರಡನ್ನ ಹೊಡುದ್ರೆ ಈ ಹಿಂಡು ಮುಗೀತದೆ ಅಣ್ಣ.”

“ಹೊಡಿಯಮ್ಮ ಮತ್ತೆ.”

“ಅವು ನನಗೇನು ಮಾಡವೆ?” ಎಂದರು ಅತ್ತೆ.

“ನಿಲ್ಸಿಡಕ್ಕೆ ಗುಂಡಿ ಇಲ್ವೇನೋ?” ಭಾವ ಮತ್ತೆ ತಮ್ಮನ ಕಡೆ ತಿರುಗಿದರು. ನಮ್ಮವರು ಇದೆ ಎಂದು ಒತ್ತಿ ತೋರಿಸಿದರು. ಜೋಡಿ ಆಕಾಶದಲ್ಲಿ ಇದ್ದಲ್ಲೇ ನಿಂತಿತು. ಅತ್ತೆ ಅದನ್ನು ನೋಡಿ, “ನಿಂತಿದ್ದೂ ಮುಗಿದಿದ್ದೂ ಒಂದೇನಾ?” ಎಂದು ಮತ್ತೆ ಒತ್ತಿದರು. ಭಾವ ಇನ್ನೊಂದು ರಿಮೋಟು ತೆಗೆದುಕೊಂಡು ತಾವೇ ಹೊಡೆಯಲು ನೋಡಿದರು. ಒಬ್ಬರು ಆಡುವಾಗ ಎರಡನೆಯದು ಕೆಲಸ ಮಾಡುವುದಿಲ್ಲ. ಅದು ಗೊತ್ತಿಲ್ಲದೆ ಹತ್ತು ನಿಮಿಷ ಹೆಬ್ಬೆರಳು ನೋಯುವ ಹಾಗೆ ಒತ್ತಿದರು. ಕೊನೆಗೆ ಟ್ರಂಕಿಲ್ಲದೆ ಆಟೋ ಹತ್ತಿದರು.

ಮುಂದಿನ ಭಾನುವಾರ ಮತ್ತೆ ಬಂದರು. ಈ ಸಲ ಕರೆಂಟು ಹೋಗುವ ಹೊತ್ತನ್ನು ಲೆಕ್ಕ ಹಾಕಿ ಬಂದಿದ್ದರು. ಮಗ್ಗದವರಿಗೆ ಕರೆಂಟು ಹೋಗುವ ಹೊತ್ತು ಬಾಯಿಪಾಠ. ಆದರೆ ಅದು ದೊಡ್ಡಬಳ್ಳಾಪುರದ ಹೊತ್ತು. ದೇವನಹಳ್ಳಿಯಲ್ಲಿ ಕರೆಂಟು ಹೋದದ್ದು ಅವರು ಕಾದು ಕಾದು ಹೊರಟು ಗೇಟು ದಾಟಿದ ಮೇಲೆ. ಟಿವಿ ಆರಿತು. ಭಾವ ಗೇಟಿನಿಂದ ತಿರುಗಿ ಓಡಿಬಂದರು.

“ಈಗ ಮುಗೀತಲ್ಲ?”

“ಎಲ್ಲಿ ಮುಗೀತು? ಅರ್ಧಕ್ಕೆ ಹೋಯ್ತು. ಮೊದಲಿಂದ ಆಡ್ಬೇಕು” ಎಂದರು ಅತ್ತೆ.

ಇದೆಲ್ಲವನ್ನೂ ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನಗು ಬರುತ್ತಿತ್ತು, ಜೊತೆಗೆ ಹೆದರಿಕೆಯೂ ಆಗುತ್ತಿತ್ತು. ಒಂದೊಂದು ಭಾನುವಾರ ದಾಟಿದಾಗಲೂ ಇನ್ನೊಂದು ವಾರ ಅತ್ತೆ ನನ್ನವರು ಎಂದುಕೊಳ್ಳುತ್ತಿದ್ದೆ. ಅವರು ಬೇಕೆಂದೇ ಹೀಗೆ ಮಾಡುತ್ತಾರೋ, ನಿಜವಾಗಿಯೂ ಆ ಜೋಡಿಯ ಮೇಲಿನ ಕರುಣೆಯೋ ನನಗೆ ಗೊತ್ತಾಗಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಮೂರನೆಯ ಭಾನುವಾರ ಭಾವ ಬಂದವರೇ ಅತ್ತೆಯ ತೊಡೆಯ ಮೇಲಿದ್ದ ರಿಮೋಟನ್ನು ಎತ್ತಿಕೊಂಡರು. ಎರಡು ಸಲ ತಪ್ಪಿದರು. ಮೂರನೆಯ ಸಲ ಒಂದನ್ನು ಹೊಡೆದರು, ಆಮೇಲೆ ಇನ್ನೊಂದನ್ನು. ತೆರೆ ಖಾಲಿಯಾಯಿತು. ಭಾವ ಟಿವಿಗೆ ಬೆನ್ನು ತಿರುಗಿಸಿ, “ತಗೋ, ಮುಗೀತು. ನಡಿ” ಎಂದರು.

“ಹಿಂದೆ ನೋಡಪ್ಪ” ಎಂದರು ಅತ್ತೆ.

ಹಿಂದೆ ಹೊಸ ಹಿಂಡು ಸಾಲು ಕಟ್ಟುತ್ತಿತ್ತು. ಭಾವ ರಿಮೋಟು ಹಿಡಿದು ಕುಳಿತರು. ವಿಮಾನ ಒಡೆಯಿತು. ಮತ್ತೆ ಮೊದಲಿನಿಂದ ಶುರುಮಾಡಿದರು. ಅವರ ಪಕ್ಕದಲ್ಲಿ ಅತ್ತೆ ಕುಳಿತು, “ಎಡಕ್ಕೆ. ಎಡಕ್ಕೆ ಅಂದ್ನಲ್ಲ. ಮಗ್ಗ ನೋಡೋ ಕಣ್ಣು ಎಲ್ಲಿ ಇಟ್ಟು ಬಂದಿದೀಯ?” ಎನ್ನುತ್ತಿದ್ದರು. ಊಟದ ಹೊತ್ತು ದಾಟಿತು. ಆಟೋದವನು ಒಳಗೆ ಬಂದು ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ತಾನೂ ನೋಡಿ, ಬೇರೆ ಬಾಡಿಗೆಗೆ ಹೊರಟುಹೋದ.

“ಯಾಕಪ್ಪ, ಹೊರಡಲ್ವಾ?” ಎಂದರು ಅತ್ತೆ.

“ಇದೊಂದು ಮುಗೀಲಿ” ಎಂದರು ಭಾವ.

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ರಿಮೋಟನ್ನು ನೆಲಕ್ಕಿಟ್ಟರು. ವಿಮಾನ ಒಡೆಯಿತು, ಅವರು ನೋಡಲಿಲ್ಲ.

“ಅಮ್ಮ, ನಿಂಗೆ ನಮ್ಮನೆಗೆ ಬರೋಕೆ ಮನಸ್ಸಿಲ್ವಾ?”

ಅತ್ತೆ ಒಂದು ಕಾಯಿ ಬಿಡಿಸಿ ಕಾಳನ್ನು ತಟ್ಟೆಗೆ ಹಾಕಿದರು. “ಬರಕಿಲ್ಲ ಅಂತ ಹಿರಿಮಗನ ಮುಖ ನೋಡಿ ಹೆಂಗಪ್ಪ ಹೇಳ್ಲಿ.”

“ಹೋಗ್ಲಿ, ಇಲ್ಲಿರು ಅಂತ ಇವ್ರಾದ್ರೂ ಯಾರು ಹೇಳವ್ರೆ? ಇವನು ಹೇಳ್ದಾ? ಯಾರೂ ಇರು ಅನ್ನದಿರೋ ಮನೇಲಿ ಹೆಂಗಿರ್ತೀಯ?”

ನಮ್ಮವರು ಕಾಫಿ ಲೋಟದೊಳಗೆ ನೋಡಿದರು. ಅತ್ತೆ ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು. “ಅದೂ ನಿಜವೇ” ಎಂದರು.

ಆಗ ನನಗೆ ತಿಳಿಯಿತು. ಈ ಮೂರು ವಾರ ನಾನು ಬಾಗಿಲ ಸಂದಿಯಲ್ಲಿ ನಿಂತು ಅತ್ತೆಯ ಮನಸ್ಸಿನಲ್ಲಿ ಏನಿದೆ ಎಂದು ಯೋಚಿಸುತ್ತಿದ್ದೆ. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಒಂದು ಸಲವೂ ಹೇಳಿರಲಿಲ್ಲ. ಸೌಟು ಕೈಯಲ್ಲೇ ಇತ್ತು. ಬಾಗಿಲು ದಾಟಿ ಬಂದೆ.

“ಇಲ್ಲೇ ಇರ್ಲಿ ಭಾವ. ನಂಗೆ ಅವ್ರು ಬೇಕು.”

ನಮ್ಮವರ ಲೋಟದಿಂದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಭಾವ ನನ್ನ ಕಡೆ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತಾ, “ಕೇಳಿಸ್ತು ಅಂತ ಹೇಳಮ್ಮ” ಎಂದರು.

“ಇಷ್ಟು ಜೋರಾಗಿ ಕಿರುಚಿದ್ರೆ ನಲ್ಲೂರಿಗೂ ಕೇಳಿಸ್ತದೆ” ಎಂದರು ಅತ್ತೆ. ಕಾಯಿ ಬಿಡಿಸುತ್ತಲೇ ಇದ್ದರು. ಕಾಳು ತಟ್ಟೆಗೆ ಬೀಳದೆ ನೆಲಕ್ಕೆ ಬೀಳುತ್ತಿತ್ತು.

ಭಾವ ಊಟ ಮಾಡಿಕೊಂಡು ಬಸ್ಸಿಗೆ ಹೊರಟರು. ಹೋಗುವ ಮುಂಚೆ ಗೋಡೆಗೆ, “ಯುಗಾದಿಗೆ ಒಂದು ವಾರ ಕಳಿಸ್ಬೇಕು” ಎಂದರು. ನಾನು ಗೋಡೆಯ ಮೂಲಕ ಹೋಗದೆ ನೇರವಾಗಿ “ಕಳಿಸ್ತೀನಿ ಭಾವ” ಎಂದೆ. ಒಂದು ಸಲ ಮಾತಾಡಿದ ಮೇಲೆ ಇನ್ನೇನು. ಅತ್ತೆ ಆ ದಿನ ಸಂಜೆ ಟ್ರಂಕಿನಿಂದ ಸೀರೆ ತೆಗೆದು ಬೀರುವಿನಲ್ಲಿಟ್ಟರು. ಸಾರು ಸಪ್ಪೆಯಾಗಿದೆ ಎಂದು ಬೈದರು. ಮಾತಾಡುವ ಗಾಬರಿಯಲ್ಲಿ ಉಪ್ಪು ಮರೆತಿದ್ದೆ.

ಆ ಪೆಟ್ಟಿಗೆ ಮೂರು ವರ್ಷ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಅತ್ತೆ ಹೆಚ್ಚೇನೂ ಬೇಸರ ಮಾಡಿಕೊಳ್ಳಲಿಲ್ಲ, ಅಷ್ಟರಲ್ಲಿ ನಮಗೆ ಮಗಳು ಹುಟ್ಟಿದ್ದಳು. ವಿಮಾನ ನಿಲ್ದಾಣ ತೆರೆದ ಮೇಲೆ ನಿಜವಾದ ವಿಮಾನಗಳು ಮನೆಯ ಮೇಲೇ ಇಳಿಯತೊಡಗಿದವು. ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನೋಡಿ, “ಒಂದೊಂದೇ ಬರ್ತವೆ. ಸಾಲಾಗಿ ಬಂದಾಗ ಹೇಳು, ನೋಡ್ಕೊಳಣ” ಎಂದು ಮಗುವಿಗೆ ಹೇಳುತ್ತಿದ್ದರು.

ಆ ಭಾನುವಾರದಿಂದ ಹದಿನೆಂಟು ವರ್ಷ ಅವರು ನನ್ನ ಜೊತೆ ಇದ್ದರು. ಯುಗಾದಿಗೆಂದು ದೊಡ್ಡಬಳ್ಳಾಪುರಕ್ಕೆ ಹೋದವರು ಯಾವತ್ತೂ ಒಂದು ವಾರ ತುಂಬಿಸಲಿಲ್ಲ. ನಾಲ್ಕನೆಯ ದಿನ ಭಾವನೇ ಕರೆತಂದು ಬಿಡುತ್ತಿದ್ದರು. ಕಳೆದ ಚಳಿಗಾಲದಲ್ಲಿ ಮಧ್ಯಾಹ್ನದ ಊಟ ಮಾಡಿ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಕಾಯಿಲೆ ಬಿದ್ದಿರಲಿಲ್ಲ. ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಆಗಿಹೋಗಿತ್ತು.

ತಿಥಿಯ ದಿನ ಭಾವ ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಕುಳಿತರು. ಅವರಿಗೂ ವಯಸ್ಸಾಗಿದೆ. “ನಾನು ಕರ್ಕೊಂಡು ಹೋಗಿದ್ರೆ ಅಮ್ಮ ಇಷ್ಟು ವರ್ಷ ಇರ್ತಿರ್ಲಿಲ್ಲ ಕಣಮ್ಮ” ಎಂದರು. ನನ್ನ ಮುಖ ನೋಡಿಯೇ ಹೇಳಿದರು. ನಾನು ಅವರಿಗೆ ನೀರಿನ ಲೋಟ ಕೊಟ್ಟೆ. ಆಮೇಲೆ, “ಆ ಆಟದ ಪೆಟ್ಟಿಗೆ ಐತಾ?” ಎಂದು ಕೇಳಿದರು. ಯಾವಾಗಲೋ ಗುಜರಿಗೆ ಹೋಯಿತು ಎಂದೆ. ಯಾಕೆ ಎಂದು ಕೇಳಿದ್ದಕ್ಕೆ ಸುಮ್ಮನೆ ಎಂದರು.

ನಮ್ಮವರು ಈಗ ಸರಕು ಸಾಗಿಸುವ ಕೆಲಸಕ್ಕೆ ಬೆಳಿಗ್ಗೆಯೇ ಹೋಗುತ್ತಾರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಇಬ್ಬರೂ ಸಂಜೆ ಬರುತ್ತಾರೆ, ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅವರಿಬ್ಬರೂ ಬೆಳಿಗ್ಗೆ ಹೊರಟ ಮೇಲೆ ಸಂಜೆಯವರೆಗೆ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ.